ಸಾಣಾಪುರದ ಹರಿಗೋಲು ಸವಾರಿ: ಅಂಬಿಗರು ಸಮರ್ಥರು, ವ್ಯವಸ್ಥೆ ಸಾಲದು

ಕಳೆದ ಡಿಸೆಂಬರಿನಲ್ಲಿ ಗಂಗಾವತಿಯಿಂದ ನಾವು ನಾಲ್ವರು ಕೊಪ್ಪಳ ಜಿಲ್ಲೆಯ ಸಾಣಾಪುರಕ್ಕೆ ಹೋಗಿ, ತುಂಗಭದ್ರೆಯ ಬಂಡೆಗಳ ನಡುವೆ ಮುಕ್ಕಾಲು ಗಂಟೆ ಹರಿಗೋಲಿನಲ್ಲಿ ಸುತ್ತಾಡಿ ಬಂದೆವು. ಕೊಟ್ಟದ್ದು ಒಟ್ಟು 1,200 ರೂಪಾಯಿ. ನಮ್ಮನ್ನು ಕರೆದೊಯ್ದ ಅಂಬಿಗರ ಕೈಗುಣಕ್ಕೆ ಅದು ಹೆಚ್ಚಲ್ಲ; ಆದರೆ ದಡದಲ್ಲಿ ಕೂತು ಸವಾರಿ ನಡೆಸುವವರ ವ್ಯವಸ್ಥೆಗೆ ಅಷ್ಟು ಕೊಡಲು ನನಗೆ ಮನಸ್ಸಾಗುವುದಿಲ್ಲ.

ಈ ಭಾಗದ ಹೊಳೆಗೆ ಉದ್ದನೆಯ ದೋಣಿ ಏಕೆ ಒಗ್ಗುವುದಿಲ್ಲವೆಂಬುದು ನೀರಿಗಿಳಿದ ಹತ್ತೇ ನಿಮಿಷದಲ್ಲಿ ತಿಳಿಯುತ್ತದೆ. ಎರಡೂ ಕಡೆ ಮನೆಯೆತ್ತರದ ಗುಂಡುಗಳು, ನೀರಿನಡಿಯಲ್ಲಿ ಇನ್ನಷ್ಟು. ಉದ್ದನೆಯ ದೋಣಿ ಎರಡು ಬಂಡೆಗಳ ನಡುವೆ ಸೆಳವಿಗೆ ಅಡ್ಡಲಾಗಿ ಸಿಕ್ಕಿಕೊಂಡರೆ, ಹಿಂದಿನಿಂದ ಬರುವ ನೀರೆಲ್ಲ ಅದರ ಪಕ್ಕೆಯನ್ನು ಒತ್ತಿ ಮಗುಚಿಬಿಡುತ್ತದೆ. ಬಿದಿರಿನ ಹರಿಗೋಲಿಗೆ ಹಿಂದುಮುಂದೆಂಬುದಿಲ್ಲ, ತಳ ಚಪ್ಪಟೆ, ಗೇಣು ನೀರಿದ್ದರೂ ತೇಲುತ್ತದೆ, ಬಂಡೆಗೆ ತಾಗಿದರೆ ಹೆಣಿಗೆ ಬಳುಕಿ ಪೆಟ್ಟನ್ನು ನುಂಗಿಕೊಂಡು ಪಕ್ಕಕ್ಕೆ ಜಾರುತ್ತದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಆನೆಗೊಂದಿಯ ಕಡವಿನಲ್ಲಿ ಕಂಡದ್ದೂ ಇದನ್ನೇ: ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನರನ್ನು ಹೊರುವ ಬುಟ್ಟಿಯಂಥ ದೋಣಿ, ಅದು ನೆಟ್ಟಗೆ ಸಾಗದೆ ಸದಾ ತಿರುಗುತ್ತಿರುತ್ತದೆಂದು ಆತ ಬರೆದಿಟ್ಟಿದ್ದಾನೆ. ತೊಗಲಿನ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ತಿರುಗುವ ಗುಣ ಹಾಗೆಯೇ ಇದೆ.

ಆ ತಿರುಗನ್ನು ಹದ್ದಿನಲ್ಲಿಡುವುದೇ ಅಂಬಿಗನ ವಿದ್ಯೆ. ನಮ್ಮ ಅಂಬಿಗರು ಅಂಚಿಗೆ ಮೊಣಕಾಲು ಒತ್ತಿ ಕೂತು, ಒಂದೇ ಹುಟ್ಟನ್ನು ಮುಂದಕ್ಕೆ ಚಾಚಿ ನೀರನ್ನು ತಮ್ಮತ್ತ ಎಳೆದುಕೊಳ್ಳುತ್ತಿದ್ದರು. ಒಂದೆಡೆ ನೀರು ನುಣ್ಣಗೆ ಉಬ್ಬಿ, ಅದರಾಚೆ ತೆಳುವಾದ ನೊರೆಗೆರೆ ಕಂಡಾಗ, ಹುಟ್ಟಿನ ತುದಿಯಿಂದ ಅಲ್ಲಿ ಕುಟ್ಟಿ ತೋರಿಸಿದರು. ಮೊಳದಾಳದಲ್ಲಿ ಬಂಡೆ ಟಕ್ಕೆಂದಿತು. ಎದ್ದು ಕಾಣುವ ಕಲ್ಲಿಗೆ ಅವರು ಅಂಜುವುದಿಲ್ಲ, ನೆತ್ತಿಯಷ್ಟೇ ಮುಳುಗಿಸಿಕೊಂಡು ಕೂತ ಕಲ್ಲಿಗೆ ಅಂಜುತ್ತಾರೆ. ಹೊಸಪೇಟೆಯ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಹೊಳೆಯ ಮಟ್ಟ ಏರಿ, ನೆನ್ನೆ ಕಂಡ ಕಲ್ಲು ಇವತ್ತು ಹೀಗೆಯೇ ಮರೆಯಾಗುತ್ತದೆ.

ಇಷ್ಟು ಬಲ್ಲವರ ಕೈಗೆ ದಡದವರು ಕೊಟ್ಟಿದ್ದು ಐದು ಲೈಫ್ ಜಾಕೆಟ್. ಎರಡರ ಬಕಲ್ ಮುರಿದಿತ್ತು. ಮಕ್ಕಳ ಅಳತೆಯದು ಒಂದೂ ಇರಲಿಲ್ಲ, ಒಂಬತ್ತು ವರ್ಷದ ನನ್ನ ಮಗಳು ತೊಟ್ಟದ್ದು ಅವಳ ಕಿವಿಯವರೆಗೆ ಏರಿ ಬರುತ್ತಿತ್ತು. ನೀರಿಗೆ ಬಿದ್ದರೆ ಅಂಥ ಜಾಕೆಟ್ ತಲೆಯಿಂದ ಕಳಚಿಹೋಗುತ್ತದೆ. ಕೇಳಿದರೆ, ಇಲ್ಲಿ ಆಳವಿಲ್ಲವೆಂದರು. ಬಂಡೆಗಳ ಸಂದಿಯಲ್ಲಿ ಕಾಲು ಸಿಕ್ಕಿಕೊಂಡವನಿಗೆ ಎದೆಮಟ್ಟದ ನೀರೂ ಆಳವೇ.

ಅದಕ್ಕಿಂತ ನೋವಾದದ್ದು ಪಕ್ಕದ ಹರಿಗೋಲನ್ನು ಕಂಡು. ಒಂಬತ್ತು ಜನರನ್ನು ತುಂಬಿಕೊಂಡು, ಹೆಚ್ಚಿಗೆ 200 ರೂಪಾಯಿ ಪಡೆದು, ಬಂಡೆಯಿಂದ ಎರಡು ಮಾರು ದೂರದಲ್ಲಿ ಅದನ್ನು ಗರಗರನೆ ತಿರುಗಿಸುತ್ತಿದ್ದರು. ಇಬ್ಬರು ಎದ್ದು ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಎಲ್ಲರೂ ತಳದಲ್ಲಿ ಕೂತಿರುವವರೆಗೆ ಮಾತ್ರ ಹರಿಗೋಲು ಭದ್ರ. ಒಬ್ಬ ಅಂಚಿಗೆ ವಾಲಿದರೆ ಅಂಚು ತಗ್ಗಿ ನೀರು ಒಳನುಗ್ಗುತ್ತದೆ, ಗಾಬರಿಬಿದ್ದ ಉಳಿದವರ ಭಾರವೂ ಅದೇ ಕಡೆಗೆ ಜಾರುತ್ತದೆ. ನಮ್ಮ ಅಂಬಿಗರು ತಿರುಗಿಸಿದ್ದು ಬಯಲು ನೀರಿನಲ್ಲಿ, ಒಂದೇ ಸುತ್ತು, ಅದೂ ಮಗಳನ್ನು ಕೇಳಿ.

ಗಾಳಿ ಏಳುವ ಮೊದಲು, ಬೆಳಿಗ್ಗೆಯೇ ಹೋಗಿ. ಬಕಲ್ ಹಾಕಿ ಎಳೆದು ನೋಡದೆ ಹತ್ತಬೇಡಿ, ಐದಕ್ಕಿಂತ ಹೆಚ್ಚು ಜನರಿದ್ದರೆ ಇಳಿದುಬಿಡಿ. ನಾವು ಬೇಸಿಗೆಗೆ ಮುನ್ನ ಅದೇ ಅಂಬಿಗರನ್ನು ಹುಡುಕಿಕೊಂಡು ಮತ್ತೆ ಹೋಗುತ್ತೇವೆ. ಮಗಳ ಅಳತೆಯ ಜಾಕೆಟ್ಟನ್ನು ಈಗಾಗಲೇ ಕೊಂಡಿದ್ದೇವೆ.