ಡೆಮೋದಲ್ಲಿ ತೋರಿಸಿದ್ದು ಒಂದು, ಪೆಟ್ಟಿಗೆಯಲ್ಲಿ ಬಂದದ್ದು ಇನ್ನೊಂದು

ಆಸ್ಪತ್ರೆಗೆ ಲ್ಯಾಪರೊಸ್ಕೋಪಿ (ಸಣ್ಣ ರಂಧ್ರದಿಂದ ಕ್ಯಾಮೆರಾ ಹಾಕಿ ಮಾಡುವ ಹೊಟ್ಟೆಯ ಆಪರೇಶನ್) ಸೆಟ್ ತಗೊಳ್ಳುವ ಯೋಚನೆ ಇರುವವರು ದಯವಿಟ್ಟು ಇದನ್ನು ಓದಿ. ಪಿಓ (ಪರ್ಚೇಸ್ ಆರ್ಡರ್) ಕಳಿಸುವ ಮೊದಲೇ ಓದಿ. ಡೀಲರ್ ಹೆಸರು ಹಾಕುತ್ತಿಲ್ಲ. ಈ ಆಟ ಆಡುವವರು ಅವರೊಬ್ಬರೇ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಬೇರೆ ಆಸ್ಪತ್ರೆಯ ಪರ್ಚೇಸ್‌ನವರಿಗೆ ಹೇಳಿದರೆ "ಅಯ್ಯೋ, ನಿಮಗೂನಾ?" ಅಂದರು. ಮೊದಲೇ ಯಾರಾದರೂ ಬಾಯಿಬಿಟ್ಟಿದ್ದರೆ ನಾನು ಉಳಿಯುತ್ತಿದ್ದೆ ಅಲ್ವಾ?

ಇಂಥ ಖರೀದಿ ಹೇಗೆ ನಡೆಯುತ್ತದೆ ಅಂತ ನಿಮಗೆ ಗೊತ್ತೇ ಇದೆ. ಡಾಕ್ಟರು ಬೇಕಾದ್ದು ಹೇಳುತ್ತಾರೆ, ಕೊಟೇಶನ್ ಬರುತ್ತದೆ, ಡೆಮೋ ಆಗುತ್ತದೆ, ರೇಟಿಗೆ ಜಗ್ಗಾಡಿ ಪಿಓ ಕೊಡುತ್ತೇವೆ. ನಮ್ಮಲ್ಲೂ ಹಾಗೇ ಆಯಿತು. ಡೆಮೋ ದಿನ ಸೇಲ್ಸ್ ಹುಡುಗ ಕ್ಯಾಮೆರಾ, ಲೈಟ್ ಸೋರ್ಸ್, ಹೊಟ್ಟೆಗೆ ಗ್ಯಾಸ್ ತುಂಬುವ ಇನ್‌ಸಫ್ಲೇಟರ್, ಮಾನಿಟರ್ ಎಲ್ಲ ಜೋಡಿಸಿ ತೋರಿಸಿದ. ಚಿತ್ರ ಚೆನ್ನಾಗಿತ್ತು, ಡಾಕ್ಟರು ಖುಷಿಯಾದರು. ನಾನು ಕೇಳಿದ್ದು ಒಂದೇ ಪ್ರಶ್ನೆ, ಹೊಟ್ಟೆಯೊಳಗೆ ಇಳಿಸುವ ಲೆನ್ಸ್ ಕೊಳವೆ (ಟೆಲಿಸ್ಕೋಪ್) ಮತ್ತು ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್ ಬಗ್ಗೆ: "ಟೆಲಿಸ್ಕೋಪ್ ಆಟೋಕ್ಲೇವ್‌ಗೆ ಹಾಕಬಹುದಾ? ನಮ್ಮಲ್ಲಿ ಇರೋದು ಸ್ಟೀಮ್ ಮಾತ್ರ." ಅವನು ಟೆಲಿಸ್ಕೋಪ್ ಕೈಗೆ ಕೊಟ್ಟು, ಕಣ್ಣಿಡುವ ತುದಿಯ ಹತ್ತಿರ ಕೆತ್ತಿದ್ದನ್ನು ತೋರಿಸಿದ. ಆಟೋಕ್ಲೇವ್, 134 ಡಿಗ್ರಿ. "ಆರಾಮಾಗಿ ಹಾಕಿ ಮೇಡಂ, ಏನೂ ಆಗಲ್ಲ." ನಾನು ಮೊಬೈಲ್‌ನಲ್ಲಿ ಫೋಟೋ ಕೂಡ ತೆಗೆದುಕೊಂಡೆ.

ಸಾಮಾನು ಬಂತು, ಇನ್‌ಸ್ಟಲೇಶನ್ ಆಯಿತು, ದುಡ್ಡೂ ಪೂರ್ತಿ ಹೋಯಿತು. ಮಾರನೇ ದಿನಕ್ಕೆ ಬೆನ್ನು ಬೆನ್ನಿಗೆ ಎರಡು ಕೇಸ್ ಹಾಕಿದ್ದರು. ಸಂಜೆ ಸಿಎಸ್‌ಎಸ್‌ಡಿ (ಉಪಕರಣಗಳನ್ನು ಸ್ಟೆರಿಲೈಸ್ ಮಾಡುವ ವಿಭಾಗ) ಟೆಕ್ನಿಶಿಯನ್ ಫೋನ್ ಮಾಡಿದ. "ಮೇಡಂ, ಒಂದ್ಸಲ ಕೆಳಗೆ ಬನ್ನಿ. ಇದನ್ನ ನಾನು ಆಟೋಕ್ಲೇವ್‌ಗೆ ಹಾಕಲ್ಲ."

ಹೋಗಿ ನೋಡಿದೆ. ಟೆಲಿಸ್ಕೋಪ್ ಮೇಲೆ ಬ್ರ್ಯಾಂಡ್ ಇದೆ, ಸೀರಿಯಲ್ ನಂಬರ್ ಇದೆ, 30 ಡಿಗ್ರಿ (ನೋಟದ ಕೋನ) ಅಂತಿದೆ. ಆ ಕೆತ್ತನೆ ಇಲ್ಲ. ಮೊಬೈಲ್ ತೆಗೆದು ಫೋಟೋ ದೊಡ್ಡದು ಮಾಡಿ ಪಕ್ಕದಲ್ಲಿ ಹಿಡಿದೆ. ಅದೇ ಬ್ರ್ಯಾಂಡ್, ಅದೇ ಉದ್ದ, ಅದೇ ಬಣ್ಣದ ಉಂಗುರ. ಕೆತ್ತನೆ ಇದ್ದ ಜಾಗ ಮಾತ್ರ ಬೋಳು. ಪೆಟ್ಟಿಗೆಯೊಳಗಿನ ಪುಸ್ತಿಕೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಇಟಿಓ (ಎಥಿಲೀನ್ ಆಕ್ಸೈಡ್ ಗ್ಯಾಸ್) ಅಥವಾ ಕಡಿಮೆ ಉಷ್ಣತೆಯ ಪ್ಲಾಸ್ಮಾ ಸ್ಟೆರಿಲೈಸೇಶನ್ ಮಾತ್ರ, ಸ್ಟೀಮ್ ಬೇಡ. ಟೆಕ್ನಿಶಿಯನ್ ಅದನ್ನು ಓದದೇ ಹಾಕಿಬಿಟ್ಟಿದ್ದರೆ? ಲೆನ್ಸ್ ಸುತ್ತಲಿನ ಸೀಲ್ ಹೋಗಿ, ಒಳಗೆ ತೇವ ಸೇರಿ, ಚಿತ್ರ ಮಂಜಾಗಿರುತ್ತಿತ್ತು. ಆಗ "ನೀವೇ ಹಾಳು ಮಾಡಿದ್ದು" ಅಂತ ವಾರಂಟಿಯನ್ನೂ ತೆಗೆದುಬಿಡುತ್ತಿದ್ದರು.

ಈಗ ಅವರ ಉತ್ತರಗಳನ್ನು ಕೇಳಿ.

ಸೇಲ್ಸ್ ಹುಡುಗ: "ಡೆಮೋ ಪೀಸ್ ಬೇರೆ, ಸಪ್ಲೈ ಪೀಸ್ ಬೇರೆ ಮೇಡಂ. ಕೊಟೇಶನ್‌ನಲ್ಲಿ 10 ಮಿಲಿಮೀಟರ್, 30 ಡಿಗ್ರಿ ಟೆಲಿಸ್ಕೋಪ್ ಅಂತಿದೆ ಅಲ್ವಾ? ಅದನ್ನೇ ಕೊಟ್ಟಿದ್ದೀವಿ."

ನೀನೇ ಕೆತ್ತನೆ ತೋರಿಸಿದ್ದಲ್ವಾ ಅಂದೆ. "ಅದು ಬ್ರ್ಯಾಂಡ್‌ನಲ್ಲಿ ಆ ಮಾಡೆಲ್ ಕೂಡ ಇದೆ ಅಂತ ತೋರಿಸಿದ್ದು ಮೇಡಂ."

ಇದನ್ನು ಕೇಳಿ ನನಗೆ ಮಾತೇ ಹೊರಡಲಿಲ್ಲ. ಆ ಮಾಡೆಲ್ ಕೂಡ ಇದೆ ಅಂತ ತೋರಿಸಿದ್ದಂತೆ! ನಾನೇನು ವಸ್ತುಪ್ರದರ್ಶನ ನೋಡಲು ಕರೆದಿದ್ದೆನಾ?

ಅವನ ಮ್ಯಾನೇಜರ್‌ಗೆ ಮಾಡಿದೆ. ಆತನದು ಇನ್ನೂ ಸಲೀಸು. "ಗ್ಲುಟರಾಲ್ಡಿಹೈಡ್‌ನಲ್ಲಿ ಇಪ್ಪತ್ತು ನಿಮಿಷ ಅದ್ದಿಡಿ ಮೇಡಂ, ಎಲ್ಲಾ ಕಡೆ ಅದನ್ನೇ ಮಾಡೋದು." ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಹೇಳುವ ಮಾತಾ ಇದು? ಆ ಕ್ರಿಮಿನಾಶಕದ 2 ಪರ್ಸೆಂಟ್ ದ್ರಾವಣದಲ್ಲಿ 20 ನಿಮಿಷ ಇಟ್ಟರೆ ಆಗುವುದು ಹೈ ಲೆವೆಲ್ ಡಿಸಿನ್ಫೆಕ್ಷನ್ ಮಾತ್ರ, ಪೂರ್ತಿ ಸ್ಟೆರೈಲ್ ಅಲ್ಲ. ಸ್ಪೋರ್ (ಕ್ರಿಮಿಗಳ ಗಟ್ಟಿ ಕವಚದ ರೂಪ) ಸಾಯಬೇಕು, ಸ್ಟೆರೈಲ್ ಆಗಬೇಕು ಅಂದರೆ 10 ಗಂಟೆ ಬೇಕು, ಆಮೇಲೆ ಸ್ಟೆರೈಲ್ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಹೊಟ್ಟೆಯೊಳಗೆ ಹೋಗುವ ವಸ್ತು ಸ್ಟೆರೈಲ್ ಇರಬೇಕು ಅನ್ನುವುದು ಯಾವ ಉಪಕರಣಕ್ಕೆ ಎಷ್ಟು ಶುದ್ಧಿ ಬೇಕು ಅಂತ ವರ್ಗ ಮಾಡಿಕೊಟ್ಟ ಸ್ಪಾಲ್ಡಿಂಗ್ ಕಾಲದಿಂದ ಇರುವ ಪಾಠ. ಇದನ್ನು ಹೇಳಿದ ಮೇಲೆ ಆತ ಕೊಟ್ಟ ಉತ್ತರ ನಾನು ಜನ್ಮದಲ್ಲಿ ಮರೆಯುವುದಿಲ್ಲ:

"ನಿಮ್ಮಲ್ಲಿ ಇಟಿಓ ಇಲ್ವಾ? ಅದನ್ನೂ ನಾವೇ ಸಪ್ಲೈ ಮಾಡ್ತೀವಿ. ಕೊಟೇಶನ್ ಕಳಿಸ್ಲಾ?"

ಮೋಸ ಮಾಡಿದ್ದಲ್ಲದೆ ಮೇಲೊಂದು ಮಷೀನ್ ಬೇರೆ! ಇಟಿಓ ಬಂದರೂ ಕೆಲಸ ಆಗುತ್ತಿರಲಿಲ್ಲ. ಆ ಗ್ಯಾಸ್ ವಿಷ, ಕ್ಯಾನ್ಸರ್‌ಕಾರಕ. ಸೈಕಲ್ ಮುಗಿದ ಮೇಲೂ 50ರಿಂದ 60 ಡಿಗ್ರಿಯಲ್ಲಿ 8ರಿಂದ 12 ಗಂಟೆ ಗಾಳಿಯಾಡಿಸಬೇಕು. ಅಂದರೆ ಒಂದು ಟೆಲಿಸ್ಕೋಪ್, ದಿನಕ್ಕೆ ಒಂದು ಕೇಸ್. ಪ್ಲಾಸ್ಮಾ ಬೇಗ ಮುಗಿಯುತ್ತದೆ, ಆದರೆ ಆ ಮಷೀನ್ ನಮ್ಮಂಥ ಸಣ್ಣ ಆಸ್ಪತ್ರೆಗೆ ಕೈಗೆಟುಕುವಂಥದ್ದಲ್ಲ.

ಬದಲಾಯಿಸಿ ಕೊಡಿ ಅಂದರೆ "ಸೀಲ್ ಒಡೆದಿದೆ, ವಾಪಸ್ ಇಲ್ಲ." ಸೀಲ್ ಒಡೆದದ್ದು ಅವರದೇ ಇಂಜಿನಿಯರ್, ಇನ್‌ಸ್ಟಲೇಶನ್ ದಿನ. ಅದಕ್ಕೆ ಇವತ್ತಿಗೂ ಉತ್ತರ ಇಲ್ಲ.

ಮಾರನೇ ದಿನದ ಕೇಸ್‌ಗಳನ್ನು ಮುಂದೂಡಬೇಕಾಯಿತು. ಸರ್ಜನ್ ಕೂಗಾಡಲಿಲ್ಲ. "ಹೊಸ ಸೆಟ್ ಬಂದಿದೆ ಅಂದ್ರಲ್ಲಮ್ಮ?" ಅಂತ ಓಟಿ (ಆಪರೇಶನ್ ಥಿಯೇಟರ್) ಸಿಸ್ಟರ್‌ಗಳ ಎದುರು ಮೆಲ್ಲಗೆ ಕೇಳಿದರು. ಬೈದಿದ್ದರೇ ವಾಸಿಯಿತ್ತು.

ಆ ಕೋಪದಲ್ಲಿ ಉಳಿದ ಕಾಗದಗಳನ್ನೂ ಕೆದಕಿದೆ. ವಾರಂಟಿ ಶುರುವಾಗುವುದು ಇನ್‌ಸ್ಟಲೇಶನ್ ದಿನದಿಂದ ಅಲ್ಲ, ಡಿಸ್ಪ್ಯಾಚ್ ದಿನದಿಂದ. ಓಟಿ ಕೆಲಸ ಮುಗಿಯದೆ ಪೆಟ್ಟಿಗೆ ಸುಮ್ನೆ ಬಿದ್ದಿದ್ದ ಅಷ್ಟು ದಿನವೂ ವಾರಂಟಿಯಲ್ಲೇ ಕಳೆದುಹೋಗಿದೆ. ಜೊತೆಗೆ ಕೊಂಡ, ಅಂಗಾಂಶ ಕತ್ತರಿಸಿ ರಕ್ತ ನಿಲ್ಲಿಸುವ ಎನರ್ಜಿ ಡಿವೈಸ್‌ನ ಹ್ಯಾಂಡ್‌ಪೀಸ್‌ನಲ್ಲಿ ಚಿಪ್ ಇದೆ, ಇಷ್ಟು ಸಲ ಬಳಕೆ ಅನ್ನುವ ಲೆಕ್ಕ ಮುಗಿದರೆ ಮಷೀನ್ ಅದನ್ನು ಒಪ್ಪುವುದಿಲ್ಲ, ಬೇರೆ ಕಂಪನಿಯದ್ದು ಹಾಕಲೂ ಆಗುವುದಿಲ್ಲ. ಮಷೀನ್ ಯಾಕೆ ಅಷ್ಟು ಅಗ್ಗಕ್ಕೆ ಕೊಟ್ಟರು ಅಂತ ಈಗ ಅರ್ಥವಾಯಿತು.

ನನ್ನನ್ನು ಕೇಳಿದರೆ, ಮಾಡೆಲ್ ನಂಬರ್ ಇಲ್ಲದ ಒಂದು ಸಾಲನ್ನೂ ಕೊಟೇಶನ್‌ನಲ್ಲಿ ಬಿಡಬೇಡಿ. ಡೆಮೋ ಪೀಸ್‌ನ ಮಾಡೆಲ್ ನಂಬರ್ ಬರೆದುಕೊಂಡು "ಇದೇ ಬೇಕು" ಅಂತ ಪಿಓದಲ್ಲಿ ಹಾಕಿ. ಐಎಸ್ಓ 13485 ಸರ್ಟಿಫಿಕೇಟ್ ಹಿಡಿದು ಮೆರೆಯುತ್ತಾರೆ. ಅದು ಕಂಪನಿ ಕೆಲಸ ಮಾಡುವ ವ್ಯವಸ್ಥೆಗೆ ಕೊಟ್ಟದ್ದು, ನಿಮ್ಮ ಕೈಲಿರುವ ಟೆಲಿಸ್ಕೋಪ್‌ಗಲ್ಲ. ನೀವು ಕೇಳಬೇಕಾದ್ದು ಐಎಸ್ಓ 17664 ಪ್ರಕಾರ ತಯಾರಕರು ಕೊಡುವ ಸೂಚನೆ: ಹೇಗೆ ತೊಳೆಯಬೇಕು, ಹೇಗೆ ಸ್ಟೆರಿಲೈಸ್ ಮಾಡಬೇಕು ಅಂತ. ಅದನ್ನು ಪಿಓಗೆ ಮೊದಲೇ ತರಿಸಿ ಸಿಎಸ್‌ಎಸ್‌ಡಿಯವರ ಕೈಗೆ ಕೊಡಿ. ಡೆಮೋಗೆ ಡಾಕ್ಟರನ್ನು ಮಾತ್ರ ಕೂರಿಸಬೇಡಿ, ಸಿಎಸ್‌ಎಸ್‌ಡಿಯವರನ್ನೂ ಕರೆಯಿರಿ. ನಮ್ಮ ಟೆಕ್ನಿಶಿಯನ್ ಅವತ್ತು ಇದ್ದಿದ್ದರೆ ಕೊಟೇಶನ್ ನೋಡಿದ ತಕ್ಷಣ ಹಿಡಿಯುತ್ತಿದ್ದ.

ಮತ್ತೆ, ಕೊನೇ ಕಂತನ್ನು ಕೈಲೇ ಇಟ್ಟುಕೊಳ್ಳಿ. ನಿಮ್ಮ ಆಟೋಕ್ಲೇವ್‌ನಿಂದ ಹೊರಬಂದ ಸೆಟ್‌ನಲ್ಲಿ ಮೊದಲ ಕೇಸ್ ಮುಗಿಯುವ ತನಕ ಬಿಡಬೇಡಿ. ದುಡ್ಡು ಬಾಕಿ ಇದ್ದಾಗ ಆ ಮ್ಯಾನೇಜರ್ ಒಂದೇ ರಿಂಗ್‌ಗೆ ಫೋನ್ ಎತ್ತುತ್ತಿದ್ದ. ಈಗ ಯಾವಾಗ ಮಾಡಿದರೂ ಮೀಟಿಂಗ್‌ನಲ್ಲೇ ಇರುತ್ತಾನೆ.