ಬಾರ್ಬೇರಿಯನ್ಸ್, ಲಯನ್ಸ್ ಮತ್ತು ಒಂದು ಮಂಗಳವಾರದ ರಾತ್ರಿ

ದುಲೀಪ್ ಟ್ರೋಫಿಯಲ್ಲಿ ಕರ್ನಾಟಕದವರೂ ತಮಿಳುನಾಡಿನವರೂ ದಕ್ಷಿಣ ವಲಯದ ಒಂದೇ ತಂಡದಲ್ಲಿ ಆಡುವುದನ್ನು ನೋಡಿದ್ದೀರಲ್ವಾ? ರಣಜಿಯಲ್ಲಿ ಗುರಾಯಿಸಿಕೊಂಡವರು ಇಲ್ಲಿ ಸ್ಲಿಪ್ಪಿನಲ್ಲಿ ಅಕ್ಕಪಕ್ಕ ನಿಂತು ಹರಟೆ ಹೊಡೆಯುತ್ತಿರುತ್ತಾರೆ. ನೋಡಲು ಚೆನ್ನ. ಆದರೆ ನೋಡಲು ಬರುವವರು ಎಷ್ಟು ಜನ? ಸ್ಟ್ಯಾಂಡಿನಲ್ಲಿ ಕಾಗೆಗಳೇ ಜಾಸ್ತಿ. ಅದೇ ರಗ್ಬಿಯಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ಸೇರಿ ಒಂದು ತಂಡ ಕಟ್ಟಿಕೊಂಡು ಹೊರಟರೆ ಇಡೀ ಊರು ಕೆಂಪಾಗುತ್ತದೆ. ಯಾಕೆ ಹೀಗೆ ಅನ್ನೋದು ನನಗೆ ಬಹಳ ದಿನ ಅರ್ಥವಾಗಿರಲಿಲ್ಲ.

ಕೆಲಸದ ದೆಸೆಯಿಂದ ಮೊದಲು ಲಂಡನ್, ಆಮೇಲೆ ಮೆಲ್ಬೋರ್ನ್ ಸೇರಿದ ನನಗೆ ಇಂಥ ತಂಡಗಳನ್ನು ಹತ್ತಿರದಿಂದ ನೋಡುವ ಯೋಗ ಸಿಕ್ಕಿತು. 2022ರಲ್ಲಿ ಟ್ವಿಕನ್‌ಹ್ಯಾಮ್‌ನಲ್ಲಿ ಬಾರ್ಬೇರಿಯನ್ಸ್. 2025ರ ಜುಲೈನಲ್ಲಿ ಎಂಸಿಜಿಯಲ್ಲಿ ಬ್ರಿಟಿಷ್ ಅಂಡ್ ಐರಿಷ್ ಲಯನ್ಸ್. ಅದೇ ವಾರ ಮೆಲ್ಬೋರ್ನಿನಲ್ಲೇ ಫಸ್ಟ್ ನೇಷನ್ಸ್ ಅಂಡ್ ಪಸಿಫಿಕಾ ಅನ್ನೋ ಇನ್ನೊಂದು ಕೂಡುತಂಡ. ನಾಲ್ಕನೆಯದನ್ನು ಸೋಫಾದ ಮೇಲೆ ಕೂತು ನೋಡಿದೆ, ಅರ್ಧಕ್ಕೇ ಎದ್ದು ಪಾತ್ರೆ ತೊಳೆಯಲು ಹೋದೆ. ಅದರ ಕಥೆ ಮುಂದೆ ಬರುತ್ತದೆ.

ರಗ್ಬಿ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಕಡೆ 15 ಜನ. ಚೆಂಡನ್ನು ಕೈಯಲ್ಲಿ ಹಿಡಿದು ಮುಂದಕ್ಕೆ ಓಡಬಹುದು, ಆದರೆ ಜೊತೆಗಾರನಿಗೆ ಕೊಡುವಾಗ ಮುಂದಕ್ಕೆ ಎಸೆಯುವ ಹಾಗಿಲ್ಲ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಟ್ರೈ, 5 ಅಂಕ. ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೆರಡು. ಇಷ್ಟು ಗೊತ್ತಿದ್ದರೆ ಸಾಕು.

ಬಾರ್ಬೇರಿಯನ್ಸ್‌ನಿಂದ ಶುರು ಮಾಡೋಣ. ಇದು ದೇಶವಲ್ಲ, ಊರಲ್ಲ, ಸರಿಯಾಗಿ ಹೇಳಿದರೆ ಕ್ಲಬ್ಬೂ ಅಲ್ಲ. 1890ರಲ್ಲಿ ಪರ್ಸಿ ಕಾರ್ಪ್‌ಮೇಲ್ ಅನ್ನುವವರು ಬ್ರಾಡ್‌ಫರ್ಡ್‌ನಲ್ಲಿ ಗೆಳೆಯರ ಜೊತೆ ರಾತ್ರಿ ಊಟಕ್ಕೆ ಕೂತಾಗ ಹುಟ್ಟಿದ ತಂಡ. ಇವತ್ತಿಗೂ ಇವರಿಗೆ ಸ್ವಂತ ಮೈದಾನವಿಲ್ಲ. ಕರೆ ಬಂದವರು ಬಂದು ಆಡುತ್ತಾರೆ, ಆಡಿ ಚದುರುತ್ತಾರೆ. ಎಲ್ಲರಿಗೂ ಕಪ್ಪು ಬಿಳಿ ಪಟ್ಟೆಯ ಅಂಗಿ, ಕಾಲುಚೀಲ ಮಾತ್ರ ಅವರವರ ಕ್ಲಬ್ಬಿನದು. ಮೈದಾನಕ್ಕೆ ಇಳಿದಾಗ ನಾನು ಮೊದಲು ನೋಡಿದ್ದೇ ಆ ಕಾಲುಗಳನ್ನು. ಒಂದು ಕೆಂಪು, ಒಂದು ನೀಲಿ, ಇನ್ನೊಂದು ಹಳದಿ. ಮದುವೆಮನೆಯ ಜಗಲಿ ಮೇಲೆ ಬಿಟ್ಟ ಚಪ್ಪಲಿಗಳ ಹಾಗೆ.

ಅವತ್ತು ಜೂನ್ 19. ಎದುರಾಳಿ ಇಂಗ್ಲೆಂಡ್. ಬಾರ್ಬೇರಿಯನ್ಸ್ ಪರ ಬಂದವರಲ್ಲಿ ಹೆಚ್ಚಿನವರು ಫ್ರೆಂಚರು, ಕೋಚ್ ಕೂಡ ಫ್ರಾನ್ಸಿನ ಫಾಬಿಯನ್ ಗಾಲ್ತಿಯೇ. ಮೊದಲರ್ಧ ಮುಗಿಯುವ ಮುಂಚೆಯೇ ಅವರ ದೈತ್ಯ ಆಸ್ಟ್ರೇಲಿಯನ್ ವಿಲ್ ಸ್ಕೆಲ್ಟನ್‌ಗೆ ರೆಡ್ ಕಾರ್ಡ್ ಬಿತ್ತು. ಉಳಿದವರು 14. ಆದರೂ ಗೆದ್ದರು, ಅದೂ 52-21. ತಮ್ಮ ಗೆರೆಯ ಹತ್ತಿರದಿಂದಲೇ ಓಡಲು ಶುರು ಮಾಡುವುದು, ಒದ್ದು ಆಚೆ ಹಾಕಬೇಕಾದ ಚೆಂಡನ್ನು ಪಾಸ್ ಮಾಡುವುದು, ಹೀಗೆ ಎಲ್ಲವೂ ಭಂಡ ಧೈರ್ಯ.

ಕೊನೆಯಲ್ಲಿ ಒಂದು ತಮಾಷೆ ನಡೆಯಿತು. ಜಾರ್ಜ್ ಕ್ರೂಸ್ ಅಂತ ಇಂಗ್ಲೆಂಡಿನ ಲಾಕ್ ಆಟಗಾರ, ಅವತ್ತು ಆಡುತ್ತಿದ್ದದ್ದು ಬಾರ್ಬೇರಿಯನ್ಸ್ ಪರ, ನಿವೃತ್ತಿಗೆ ಮುಂಚಿನ ಕೊನೆಯ ಆಟ. ಎರಡೂ ಕಡೆಯವರು ತಲೆ ತಗ್ಗಿಸಿ ಚೆಂಡಿಗಾಗಿ ದಬ್ಬಾಡುವ ಗುಂಪಿಗೆ ಸ್ಕ್ರಮ್ ಅನ್ನುತ್ತಾರೆ, ಲಾಕ್ ಅಂದರೆ ಅದರಲ್ಲಿ ಹಿಂದಿನಿಂದ ದಬ್ಬುವ ಎತ್ತರದ ಆಳು. ಕಂಬದ ನಡುವೆ ಒದೆಯುವುದು ಅವನ ಕೆಲಸವೇ ಅಲ್ಲ. ಅಂಥವನ ಕೈಗೆ ಚೆಂಡು ಕೊಟ್ಟು ಒದೆಯಪ್ಪಾ ಅಂದರು. ಎರಡು ಸಲ ನೆಟ್ಟಗೆ ಒದ್ದ, ಎರಡೂ ಒಳಗೆ. ಇನ್ನೊಂದಕ್ಕೆ ಚೆಂಡು ನೆಟ್ಟು ಕಂಬಕ್ಕೆ ಬೆನ್ನು ಹಾಕಿ ನಿಂತ, ಹಿಮ್ಮಡಿಯಿಂದ ಒದ್ದ. ಅದೂ ಒಳಗೆ! ನನ್ನ ಪಕ್ಕದಲ್ಲಿ ಇಂಗ್ಲೆಂಡಿನ ಬಿಳಿ ಜೆರ್ಸಿ ಹಾಕಿದ ಹಿರಿಯರೊಬ್ಬರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರ ತಂಡ ಸ್ವಂತ ಮನೆಯಲ್ಲಿ ಅರ್ಧ ಶತಕ ಹೊಡೆಸಿಕೊಂಡಿತ್ತು.

ನಾನೂ ನಕ್ಕೆ. ಆದರೆ ಆ ನಗು ರೈಲಿನಲ್ಲಿ ವಾಪಸ್ ಬರುವಾಗ ಸ್ವಲ್ಪ ಕಸಿವಿಸಿ ಮಾಡಿತು. ಹಿಂದಿನ ದಿನವಷ್ಟೇ ಇಂಗ್ಲೆಂಡಿನ ಕ್ಲಬ್ ಲೀಗಿನ ಫೈನಲ್ ಇತ್ತು. ಆ ಎರಡು ತಂಡಗಳವರು ಯಾರೂ ಅವತ್ತು ಆಡಲಿಲ್ಲ. ಸೋತವರಿಗೆ ನೋವಿಲ್ಲ, ಗೆದ್ದವರಿಗೆ ಕಪ್ ಇಲ್ಲ. ಒಳ್ಳೆಯ ಹಬ್ಬದೂಟ, ಆದರೆ ಹಸಿವಿಲ್ಲದವರ ಮುಂದೆ ಬಡಿಸಿದ್ದು.

ಹಾಗಾದರೆ 1973ರ ಆಟ? ಅನ್ನುತ್ತಾರೆ ಹಳಬರು. ಅದು ಸರಿ. ಜನವರಿ 27, ಕಾರ್ಡಿಫ್. ಬಾರ್ಬೇರಿಯನ್ಸ್ ನ್ಯೂಜಿಲೆಂಡನ್ನು 23-11ರಿಂದ ಸೋಲಿಸಿದ ದಿನ. ಫಿಲ್ ಬೆನೆಟ್ ತನ್ನ ಗೆರೆಯ ಹತ್ತಿರ ಬೆನ್ನಟ್ಟಿ ಬಂದವರಿಗೆಲ್ಲ ಚಳ್ಳೆಹಣ್ಣು ತಿನ್ನಿಸಿ ಶುರು ಮಾಡಿದ ಓಟ, ಕೈಯಿಂದ ಕೈಗೆ ಹೋಗಿ ಗ್ಯಾರೆತ್ ಎಡ್ವರ್ಡ್ಸ್ ಮೂಲೆಯಲ್ಲಿ ಹಾರಿ ಮುಗಿಸಿದ ಟ್ರೈ. ಯೂಟ್ಯೂಬಿನಲ್ಲಿ ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಆದರೆ ಆ ತಂಡದ ಪಟ್ಟಿ ಒಮ್ಮೆ ತೆಗೆದು ನೋಡಿ. ಬಹುಪಾಲು ಹೆಸರುಗಳು 1971ರಲ್ಲಿ ನ್ಯೂಜಿಲೆಂಡಿಗೇ ಹೋಗಿ ಸರಣಿ ಗೆದ್ದು ಬಂದ ಲಯನ್ಸ್ ಆಟಗಾರರವು. ನಾಯಕ ಅದೇ ಜಾನ್ ಡಾಸ್. ಆಟಕ್ಕೆ ಮುಂಚೆ ಧೈರ್ಯ ಹೇಳಲು ಬಂದವರು ಆ ಲಯನ್ಸ್ ತಂಡದ ಕೋಚ್ ಕಾರ್ವಿನ್ ಜೇಮ್ಸ್. ನ್ಯೂಜಿಲೆಂಡಿನವರಿಗೆ ಹಳೇ ಸೋಲಿನ ಬಾಕಿ ತೀರಿಸಬೇಕಿತ್ತು. ಅಂದರೆ ಅಂಗಿ ಬಾರ್ಬೇರಿಯನ್ಸ್‌ನದು, ಒಳಗಿದ್ದ ಹಟ ಲಯನ್ಸ್‌ನದು.

ಇನ್ನು ಲಯನ್ಸ್. ನಾಲ್ಕು ವರ್ಷಕ್ಕೊಮ್ಮೆ ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಅಂತ ಸರದಿಯ ಮೇಲೆ ಪ್ರವಾಸ. ಹಾಗಾಗಿ ಒಂದು ದೇಶಕ್ಕೆ ಬರುವುದು 12 ವರ್ಷಕ್ಕೊಮ್ಮೆ, ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದ ಹಾಗೆ. ತಪ್ಪಿದರೆ ಮುಂದಿನದಕ್ಕೆ ಮಕ್ಕಳು ದೊಡ್ಡವರಾಗಿರುತ್ತಾರೆ. ಕೆಂಪು ಅಂಗಿ, ಬಿಳಿ ಚಡ್ಡಿ, ನೀಲಿ ಕಾಲುಚೀಲ, ಅದರ ಮೇಲಂಚಿಗೆ ಹಸಿರು. ನಾಲ್ಕೂ ದೇಶದ ಬಣ್ಣವನ್ನು ಮೈಮೇಲೆ ಹಂಚಿಬಿಟ್ಟಿದ್ದಾರೆ. ಐರ್ಲೆಂಡಿಗೆ ಸಿಕ್ಕಿದ್ದು ಕಾಲುಚೀಲದ ಅಂಚು ಮಾತ್ರ ಅಂತ ನಮ್ಮ ಆಫೀಸಿನ ಐರಿಷ್ ಗೆಳೆಯ ಇವತ್ತಿಗೂ ಗೊಣಗುತ್ತಾನೆ.

ಈ ನಾಲ್ವರು ಸುಮ್ನೆ ನೆರೆಹೊರೆಯವರಲ್ಲ, ದಾಯಾದಿಗಳು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ 1879ರಿಂದ ಕಾದಾಡುತ್ತಿರುವ ಕಪ್ಪಿನ ಹೆಸರು ಕಲ್ಕತ್ತಾ ಕಪ್. ಕಲ್ಕತ್ತಾದ ರಗ್ಬಿ ಕ್ಲಬ್ ಮುಚ್ಚಿದಾಗ ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿಸಿದ್ದು. ನಮ್ಮ ದುಡ್ಡಿನ ಕಪ್ಪಿಗೆ ಇವರ ಜಗಳ!

ಎಂಸಿಜಿ ಟಿಕೆಟಿಗೆ ನಾನು ತೆತ್ತ ಬೆಲೆ ಮನೆಯಲ್ಲಿ ಇನ್ನೂ ಪೂರ್ತಿ ಹೇಳಿಲ್ಲ. ಮರುಮಾರಾಟದ ಒಂದು ಜಾಲತಾಣ ಎರಡು ಪಟ್ಟು ಕಿತ್ತುಕೊಂಡು, ಕೊಟ್ಟಿದ್ದು ಮಾತ್ರ ಆಕಾಶಕ್ಕೆ ಹತ್ತಿರದ ಸಾಲು. ಅದು ಕ್ರಿಕೆಟ್ ಮೈದಾನ, ಗುಂಡಗಿದೆ. ನಡುವೆ ರಗ್ಬಿಯ ಆಯತ ಬರೆದರೆ ಆಟಗಾರರು ಇರುವೆ ಸಾಲಿನಂತೆ ಕಾಣುತ್ತಾರೆ. ಟ್ವಿಕನ್‌ಹ್ಯಾಮ್‌ನಲ್ಲಿ ಮೈಗೆ ಮೈ ಡಿಕ್ಕಿ ಹೊಡೆಯುವ ಸದ್ದು ಕಿವಿಗೇ ಬೀಳುತ್ತಿತ್ತು. ಇಲ್ಲಿ ದೊಡ್ಡ ಪರದೆಯೇ ಗತಿ. ಆಟ ನೋಡುವ ಸುಖಕ್ಕೆ ಅಂಕ ಕೊಡುವುದಾದರೆ ಎಂಸಿಜಿ ಕೊನೆಯ ಸ್ಥಾನ.

ಆದರೂ ಆ ಜುಲೈ 26ರ ರಾತ್ರಿಯನ್ನು ನಾನು ಮರೆಯಲಾರೆ. ಒಳಗಿದ್ದವರು 90,307 ಜನ. ಅರ್ಧ ಗಂಟೆಯಲ್ಲಿ ಆಸ್ಟ್ರೇಲಿಯಾ 23-5. ಮೂರು ಟೆಸ್ಟ್‌ಗಳಲ್ಲಿ (ರಗ್ಬಿಯಲ್ಲೂ ದೇಶದ ತಂಡದ ಜೊತೆಗಿನ ಆಟಕ್ಕೆ ಹಾಗೇ ಅನ್ನುತ್ತಾರೆ) ಮೊದಲನೆಯದನ್ನು ಬ್ರಿಸ್ಬೇನಿನಲ್ಲಿ ಗೆದ್ದು ಬಂದಿದ್ದ ಲಯನ್ಸ್ ಬೆಂಬಲಿಗರು ಮಂಕಾಗಿ ಕೂತಿದ್ದರು. ಅಲ್ಲಿಂದ ಒಂದೊಂದೇ ಟ್ರೈ ಹೊಡೆಯುತ್ತಾ ಹತ್ತಿರ ಬಂದರು. ಗಡಿಯಾರ 79 ನಿಮಿಷ ದಾಟಿದಾಗಲೂ ಆಸ್ಟ್ರೇಲಿಯಾ ಮುಂದೆ, 26-24. ಆಗ ಎಡಗಡೆಯಲ್ಲಿ ಹ್ಯೂಗೋ ಕೀನನ್ ಒಳನುಗ್ಗಿ ಗೆರೆ ದಾಟಿದ.

ಮುಗಿಯಲಿಲ್ಲ. ಅದಕ್ಕೂ ಮುಂಚಿನ ನೂಕಾಟದಲ್ಲಿ ಲಯನ್ಸ್‌ನ ಜ್ಯಾಕ್ ಮಾರ್ಗನ್ ಆಸ್ಟ್ರೇಲಿಯಾದ ಕಾರ್ಲೋ ಟಿಟ್ಸಾನೋನನ್ನು ಗುದ್ದಿ ಆಚೆ ತಳ್ಳಿದ್ದು ಸರಿಯೋ ತಪ್ಪೋ ಅಂತ ಮರುಪರಿಶೀಲನೆ. ಪರದೆಯ ಮೇಲೆ ಅದೇ ದೃಶ್ಯ ಮತ್ತೆ ಮತ್ತೆ. ನಮ್ಮ ಐರಿಷ್ ಗೆಳೆಯ ಬಿಯರ್ ಲೋಟ ಎದೆಗೆ ಒತ್ತಿಕೊಂಡು ನಿಂತಿದ್ದ. ಮುಂದಿನ ಸಾಲಿನಲ್ಲಿ ಇಂಗ್ಲೆಂಡಿನ ಬಾವುಟ ಹೊದ್ದ ಅಪರಿಚಿತನೊಬ್ಬ ಹಿಂದಕ್ಕೆ ತಿರುಗಿ ಇವನ ಮುಂಗೈ ಹಿಡಿದುಕೊಂಡ. ಇಬ್ಬರೂ ಮಾತಾಡಲಿಲ್ಲ, ಪರದೆಯಿಂದ ಕಣ್ಣೂ ತೆಗೆಯಲಿಲ್ಲ. ಇಟಲಿಯ ರೆಫರಿ ಪಿಯಾರ್ಡಿ ಟ್ರೈ ಕೊಟ್ಟರು. 29-26, ಸರಣಿ ಲಯನ್ಸ್‌ಗೆ. ಬಿಯರ್ ನನ್ನ ಜಾಕೆಟ್ಟಿಗೆ. ನೂಕಿದವನು ಬದಲಿಯವರೂ ಸೇರಿ ಆ ದಿನದ 23ರ ಪಟ್ಟಿಯಲ್ಲಿದ್ದ ಒಬ್ಬನೇ ವೇಲ್ಸ್ ಆಟಗಾರ, ಟ್ರೈ ಹೊಡೆದವನು ಐರ್ಲೆಂಡಿನವನು, ನಾಯಕ ಇಂಗ್ಲೆಂಡಿನ ಮಾರೋ ಇಟೋಜೆ. ಇನ್ನರ್ಧ ವರ್ಷಕ್ಕೆ ಯುರೋಪಿನ ಆರು ದೇಶಗಳ ಟೂರ್ನಿಯಾದ ಸಿಕ್ಸ್ ನೇಷನ್ಸ್‌ನಲ್ಲಿ ಇವರೆಲ್ಲ ಮತ್ತೆ ಹೊಡೆದಾಡಿಕೊಳ್ಳುವವರೇ.

ಅಂದಹಾಗೆ, ಅವತ್ತು ಆಸ್ಟ್ರೇಲಿಯಾ ಪರ ಆಡಿದವರಲ್ಲಿ ವಿಲ್ ಸ್ಕೆಲ್ಟನ್ ಕೂಡ ಇದ್ದ. ಮೂರು ವರ್ಷದ ಹಿಂದೆ ರೆಡ್ ಕಾರ್ಡ್ ತಿಂದು ಹೊರನಡೆದವನೇ. ಈ ಸಲ ಅವನ ಮುಖದಲ್ಲಿದ್ದ ಬಿಗಿಯನ್ನು ಪರದೆಯಲ್ಲಿ ನೋಡಿದಾಗ ಎರಡು ಆಟಗಳ ನಡುವಿನ ಅಂತರ ನನಗೆ ಸರಿಯಾಗಿ ತಿಳಿಯಿತು.

ಈಗ ಆ ಸೋಫಾ ಆಟ. ಟೆಸ್ಟ್ ಶುರುವಾಗುವ ಮೊದಲು ಜುಲೈ 12ಕ್ಕೆ ಅಡಿಲೇಡ್‌ನಲ್ಲಿ ಲಯನ್ಸ್ ಎದುರು ಆಸ್ಟ್ರೇಲಿಯಾ-ನ್ಯೂಜಿಲೆಂಡ್ ಕೂಡುತಂಡವನ್ನು ಇಳಿಸಿದರು. ಕಾಗದದ ಮೇಲೆ ಭಾರೀ ಜೋಡಿ. ಫಲಿತಾಂಶ 48-0. ಸೊನ್ನೆಗೆ ಯಾರೂ ತಲೆ ಕೆಡಿಸಿಕೊಂಡಂತೆ ಕಾಣಲಿಲ್ಲ. ನ್ಯೂಜಿಲೆಂಡಿನ ಜನ ಅದನ್ನು ನಮ್ಮ ಸೋಲು ಅನ್ನಲಿಲ್ಲ, ಆಸ್ಟ್ರೇಲಿಯಾದವರೂ ಅನ್ನಲಿಲ್ಲ. ಎರಡು ದೇಶ ಸೇರಿಸಿಬಿಟ್ಟರೆ ಬಲ ಎರಡು ಪಟ್ಟಾಗುವುದಿಲ್ಲ. ಅನಾಥ ತಂಡ.

ಹತ್ತು ದಿನ ಬಿಟ್ಟು, ಜುಲೈ 22ರ ಮಂಗಳವಾರ, ಇಲ್ಲಿನ ಮಾರ್ವೆಲ್ ಸ್ಟೇಡಿಯಮ್ಮಿನಲ್ಲಿ ಫಸ್ಟ್ ನೇಷನ್ಸ್ ಅಂಡ್ ಪಸಿಫಿಕಾ ತಂಡ. ಆಸ್ಟ್ರೇಲಿಯಾದ ಮೂಲನಿವಾಸಿ ಆಟಗಾರರು, ಜೊತೆಗೆ ಫಿಜಿ, ಸಮೋವಾ, ಟೋಂಗಾ ಥರದ ದ್ವೀಪಗಳ ಬೇರಿರುವವರು. ಕೂಡಿಸಿ ಕೆಲವೇ ದಿನವಾಗಿತ್ತು. ಟಿಕೆಟ್ ಅಗ್ಗ ಅಂತ ಹೆಂಡತಿಯನ್ನೂ ಕರೆದುಕೊಂಡು ಹೋದೆ. ಅವಳು ಚೀಲದಲ್ಲಿ ಕೋಡುಬಳೆ ತಂದಿದ್ದಳು. ನಮ್ಮ ಹಿಂದೆ ಟೋಂಗಾದ ಕುಟುಂಬವೊಂದು, ಅಜ್ಜಿಯಿಂದ ಮೊಮ್ಮಗುವರೆಗೆ ಎಂಟು ಜನ. ಅಜ್ಜಿಗೆ ಕೋಡುಬಳೆ ಹಿಡಿಸಿತು. ನಮ್ಮವರು ಚೆಂಡು ಹಿಡಿದಾಗಲೆಲ್ಲ ಆಕೆ ನನ್ನ ಬೆನ್ನಿಗೆ ಗುದ್ದುತ್ತಿದ್ದರು. ಹೌದು, ಅಷ್ಟರಲ್ಲಿ ಅವರು ನಮ್ಮವರಾಗಿಬಿಟ್ಟಿದ್ದರು.

"ರೀ, ಇವ್ರು ಗೆಲ್ತಾರೆ ಅನ್ಸತ್ತೆ" ಅಂದಳು ಹೆಂಡತಿ, ಆಟ ಅರ್ಧ ದಾಟಿದಾಗ. ಲಯನ್ಸ್ ಕಡೆ ನಾಯಕ ಓವನ್ ಫ್ಯಾರೆಲ್, ಕೋಚ್ ಆ್ಯಂಡಿ ಫ್ಯಾರೆಲ್‌ರ ಮಗ. ಗಾಯಗೊಂಡವನ ಬದಲಿಗೆ ನಡುವೆ ಬಂದು ಸೇರಿದ್ದವನು. ಅವರು ಸುಲಭದ ಕೆಲಸ ಅಂತ ಬಂದಿರಬೇಕು, ಕೊನೆಯವರೆಗೆ ಬೆವರು ಒರೆಸಿಕೊಂಡರು. ಗೆದ್ದಿದ್ದು 24-19, ಒಂದೇ ಟ್ರೈ ಅಂತರ. ಸೋತ ತಂಡದ ಸುತ್ತ ಜನ ಅರ್ಧ ಗಂಟೆ ಕದಲಲಿಲ್ಲ. ಅಲ್ಲಿ ಆಡಿದ ಟಾನಿಯೆಲಾ ಟುಪೌ ಮೂರನೇ ಟೆಸ್ಟಿಗೆ ಆಸ್ಟ್ರೇಲಿಯಾದ ಮೊದಲ ಹದಿನೈದರಲ್ಲಿ ಬಂದ, ಸಿಡ್ನಿಯ ಆ ಟೆಸ್ಟನ್ನು ಆಸ್ಟ್ರೇಲಿಯಾ 22-12ರಿಂದ ಗೆದ್ದಿತು. ಸರಣಿ ಹೋಗಿತ್ತು, ಮಾನ ಉಳಿಯಿತು.

ನನ್ನ ಮಟ್ಟಿಗೆ ಆ ವಾರದ ಒಳ್ಳೆಯ ಟಿಕೆಟ್ ಅದೇ. ಎಂಸಿಜಿಯ ಕೊನೆಯ ಹತ್ತು ನಿಮಿಷಕ್ಕೆ ಸಾಟಿಯಿಲ್ಲ, ಒಪ್ಪುತ್ತೇನೆ. ಆದರೆ ಮೊದಲಿಂದ ಕೊನೆವರೆಗೆ, ಕೊಟ್ಟ ದುಡ್ಡಿಗೆ, ಮಂಗಳವಾರವೇ ಗೆದ್ದಿತು. ಲಯನ್ಸ್ ತಂಡ 1888ರಿಂದ ಕಟ್ಟಿಕೊಂಡು ಬಂದಿರುವ ಹಟ ಇವರಿಗೆ ಒಂದೇ ವಾರದಲ್ಲಿ ಹೇಗೆ ಬಂತು? ಅಂಗಿ ಹೊಸದು, ಅಜ್ಜಿ ಹಳಬರು.

ಇದೇ ದ್ವೀಪದವರ ಇನ್ನೊಂದು ತಂಡ ಮೊದಲೂ ಇತ್ತು. ಪೆಸಿಫಿಕ್ ಐಲ್ಯಾಂಡರ್ಸ್, 2004ರಿಂದ 2008ರವರೆಗೆ. 9 ಟೆಸ್ಟ್ ಆಡಿ ಗೆದ್ದಿದ್ದು ಒಂದೇ, ಇಟಲಿ ಎದುರು. 2009ರಲ್ಲಿ ಸಮೋವಾ ಹೊರನಡೆಯಿತು, ಅಲ್ಲಿಗೆ ಕಥೆ ಮುಗಿಯಿತು. ಆಟಗಾರರಲ್ಲಿ ದಮ್ ಇರಲಿಲ್ಲವೇ? ಇತ್ತು. 2004ರಲ್ಲಿ ಅವರ ಪರ ಆಡಿದ ಸಿಟಿವೇನಿ ಸಿವಿವಾಟು ಮರುವರ್ಷವೇ ನ್ಯೂಜಿಲೆಂಡಿನ ಕಪ್ಪಂಗಿ ತೊಟ್ಟು ಲಯನ್ಸ್ ವಿರುದ್ಧ ಟ್ರೈ ಹೊಡೆದ. ಆ ತಂಡದ ಸಮಸ್ಯೆ ಅದೇ. ಒಂಬತ್ತೂ ಟೆಸ್ಟ್ ದೂರದ ಊರುಗಳಲ್ಲಿ, ಅಜ್ಜಿ ಬೆನ್ನಿಗೆ ಗುದ್ದುವಷ್ಟು ಹತ್ತಿರ ಯಾರೂ ಇಲ್ಲ.

ಕೂಡುತಂಡ ಅಂದ ತಕ್ಷಣ ಎಲ್ಲವೂ ಸೌಹಾರ್ದ ಅಂತ ತಿಳಿಯಬೇಡಿ. 1982ರಲ್ಲಿ 'ಸೌತ್ ಅಮೆರಿಕನ್ ಜಾಗ್ವಾರ್ಸ್' ಅನ್ನುವ ಹೆಸರಲ್ಲಿ ಒಂದು ತಂಡ ಬ್ಲೂಮ್‌ಫಾಂಟೈನ್‌ನಲ್ಲಿ ದಕ್ಷಿಣ ಆಫ್ರಿಕಾವನ್ನು 21-12ರಿಂದ ಸೋಲಿಸಿತು. ಅಷ್ಟೂ 21 ಅಂಕ ಹ್ಯೂಗೋ ಪೋರ್ಟಾ ಒಬ್ಬನದೇ. ಅಮೋಘ ಆಟ, ಆದರೆ ತಂಡ ಹೆಚ್ಚುಕಡಿಮೆ ಅರ್ಜೆಂಟೀನಾವೇ. ವರ್ಣಭೇದದ ದಕ್ಷಿಣ ಆಫ್ರಿಕಾ ಜೊತೆ ದೇಶದ ಹೆಸರಲ್ಲಿ ಆಡುವ ಹಾಗಿರಲಿಲ್ಲ, ಅದಕ್ಕೆ ಈ ಮುಸುಕು. 1974ರ ಲಯನ್ಸ್ ಕೂಡ ವಿರೋಧಕ್ಕೆ ಕಿವಿಗೊಡದೆ ಅಲ್ಲಿಗೆ ಹೋಗಿತ್ತು. 22 ಆಟದಲ್ಲಿ ಒಂದನ್ನೂ ಸೋಲಲಿಲ್ಲ. ಆ ದಾಖಲೆಯನ್ನು ಹೊಗಳುವಾಗ ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ.

ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟು. ರಗ್ಬಿಯನ್ನೇ ನೋಡದ ಗೆಳೆಯರಿದ್ದರೆ ಮೊದಲು ಬಾರ್ಬೇರಿಯನ್ಸ್ ಆಟಕ್ಕೆ ಕರೆದುಕೊಂಡು ಹೋಗಿ. ಓಟ ಜಾಸ್ತಿ, ನಗು ಜಾಸ್ತಿ, ನಿಯಮ ತಿಳಿಯದಿದ್ದರೂ ನಡೆಯುತ್ತದೆ. ಒಮ್ಮೆ ರುಚಿ ಹತ್ತಿದ ಮೇಲೆ ಲಯನ್ಸ್. ಟೆಸ್ಟ್ ಟಿಕೆಟ್ ಕೈಗೆಟುಕದಿದ್ದರೆ ಕೊರಗಬೇಡಿ, ವಾರದ ನಡುವಿನ ಆಟ ಹುಡುಕಿ, ಎದುರಾಳಿ ತಂಡಕ್ಕೆ ಸ್ಟ್ಯಾಂಡಿನಲ್ಲಿ ನೆಂಟರಿದ್ದಾರಾ ನೋಡಿಕೊಳ್ಳಿ.

ಗಂಡಸರ ಲಯನ್ಸ್ ಮತ್ತೆ ಆಸ್ಟ್ರೇಲಿಯಾಕ್ಕೆ ಬರುವುದು 2037ಕ್ಕೆ. ಅಷ್ಟು ಕಾಯಬೇಕಿಲ್ಲ. ಹೆಂಗಸರ ಲಯನ್ಸ್ ತಂಡ ಮೊದಲ ಸಲ ಪ್ರವಾಸ ಹೊರಡುವುದು 2027ರ ಸೆಪ್ಟೆಂಬರಿಗೆ, ನ್ಯೂಜಿಲೆಂಡಿಗೆ. ಮೆಲ್ಬೋರ್ನಿನಿಂದ ಆಕ್ಲೆಂಡಿಗೆ ವಿಮಾನದ ದರ ಎಷ್ಟಿದೆ ಅಂತ ಮೊನ್ನೆ ರಾತ್ರಿ ಫೋನಿನಲ್ಲಿ ನೋಡುತ್ತಿದ್ದವಳು ನನ್ನ ಹೆಂಡತಿ. ಕೋಡುಬಳೆಗೆ ಅಲ್ಲಿನ ಕಸ್ಟಮ್ಸ್‌ನವರು ಬಿಡುತ್ತಾರಾ ಅನ್ನೋದು ಅವಳ ಮೊದಲ ಪ್ರಶ್ನೆ.