ಶಾಖೆಗಳ ಕಂಪ್ಯೂಟರ್‌ಗಳಿಗೆ ನವೀಕರಣ: ರಿಮೋಟ್ ಡೆಸ್ಕ್‌ಟಾಪ್ ಸಾಕೇ, ಪ್ಯಾಕೇಜ್ ಬೇಕೇ?

ಬಾಗಲಕೋಟೆಯಲ್ಲಿ ಮುಖ್ಯ ಕಚೇರಿಯನ್ನೂ ಜಮಖಂಡಿ, ಮುಧೋಳ, ಇಳಕಲ್ಲುಗಳಲ್ಲಿ ಶಾಖೆಗಳನ್ನೂ ಹೊಂದಿರುವ ಪತ್ತಿನ ಸಹಕಾರಿ ಸಂಘವೊಂದು ತನ್ನ ಲೆಕ್ಕಪತ್ರದ ತಂತ್ರಾಂಶವನ್ನು ನವೀಕರಿಸಬೇಕಾದಾಗ ಮುಖ್ಯವಾಗಿ ಎರಡು ದಾರಿಗಳಿವೆ: ರಿಮೋಟ್ ಡೆಸ್ಕ್‌ಟಾಪ್, ಅಂದರೆ ದೂರದಿಂದಲೇ ಶಾಖೆಯ ಒಂದೊಂದು ಕಂಪ್ಯೂಟರಿನ ಒಳಹೊಕ್ಕು ನವೀಕರಿಸುವುದು; ಇಲ್ಲವೇ ತಾನಾಗಿಯೇ ಸ್ಥಾಪನೆಯಾಗುವ ಪ್ಯಾಕೇಜ್ ಕಟ್ಟಿ ಎಲ್ಲ ಕಂಪ್ಯೂಟರ್‌ಗಳಿಗೂ ಹಾಕುವುದು.

ರಿಮೋಟ್ ಡೆಸ್ಕ್‌ಟಾಪ್‌ಗೆ ಪೂರ್ವಸಿದ್ಧತೆ ಕಡಿಮೆ, ದೋಷ ಬಂದರೆ ಕಣ್ಣೆದುರೇ ಕಾಣುತ್ತದೆ. ಆದರೆ ವಿಂಡೋಸ್‌ನ ಹೋಮ್ ಆವೃತ್ತಿ ಇಂಥ ಸಂಪರ್ಕವನ್ನು ಸ್ವೀಕರಿಸುವುದಿಲ್ಲ. ಪ್ರೊ ಆವೃತ್ತಿಯಲ್ಲಿಯೂ ನಾವು ಒಳಹೊಕ್ಕರೆ ಅಲ್ಲಿ ಕುಳಿತ ಗುಮಾಸ್ತರ ಪರದೆ ಲಾಕ್ ಆಗುವುದರಿಂದ, ಕೆಲಸವನ್ನು ಸಂಜೆಯ ನಂತರವೇ ಇಟ್ಟುಕೊಳ್ಳಬೇಕು. ಅನುಕೂಲವೆಂದು ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389ನೇ ಪೋರ್ಟನ್ನು (ಸಂಪರ್ಕದ ದ್ವಾರವನ್ನು) ಅಂತರಜಾಲಕ್ಕೆ ನೇರವಾಗಿ ತೆರೆದಿಡುವುದು ಕಳ್ಳರಿಗೆ ಬಾಗಿಲು ತೆರೆದಂತೆಯೇ. ವಿಪಿಎನ್ (ಸುರಕ್ಷಿತ ಖಾಸಗಿ ಸಂಪರ್ಕ) ಮೂಲಕವೇ ಹೋಗಬೇಕು.

ಎಂಎಸ್‌ಐ (ವಿಂಡೋಸ್‌ನ ಸ್ಥಾಪನಾ ಕಡತದ ಒಂದು ಬಗೆ) ಪ್ಯಾಕೇಜ್ ಕಟ್ಟುವುದಕ್ಕೆ ಮೊದಲ ಸಲ ಒಂದೆರಡು ದಿನ ಹಿಡಿಯಬಹುದು. ವಿಕ್ಸ್‌ನಂಥ ಉಪಕರಣದಿಂದ ಒಮ್ಮೆ ಸಿದ್ಧಪಡಿಸಿದರೆ, ಯಾರನ್ನೂ ಏನನ್ನೂ ಕೇಳದೆ ಅದು ಎಲ್ಲ ಕಡೆ ಒಂದೇ ರೀತಿ ಸ್ಥಾಪನೆಯಾಗುತ್ತದೆ. ಎಲ್ಲ ಕಂಪ್ಯೂಟರ್‌ಗಳನ್ನೂ ಒಂದೇ ಕಡೆಯಿಂದ ನಿರ್ವಹಿಸುವ ಡೊಮೇನ್ ಇದ್ದರೆ, ಅದರ ನಿಯಮಗಳ ವ್ಯವಸ್ಥೆಯಾದ ಗ್ರೂಪ್ ಪಾಲಿಸಿಯೇ ಕಂಪ್ಯೂಟರ್ ಮರುಪ್ರಾರಂಭವಾದಾಗ ಅದನ್ನು ಹಾಕುತ್ತದೆ. ಇನ್ನೋ ಸೆಟಪ್ ಎಂಬ ಮತ್ತೊಂದು ಉಪಕರಣ ಕಲಿಯಲು ಸುಲಭವಾದರೂ ಅದು ಕೊಡುವುದು ಎಂಎಸ್‌ಐ ಅಲ್ಲ, ಇಎಕ್ಸ್‌ಇ ಕಡತ. ಗ್ರೂಪ್ ಪಾಲಿಸಿಯ ತಂತ್ರಾಂಶ ಸ್ಥಾಪನೆಗೆ ಅದು ನೇರವಾಗಿ ಒಗ್ಗುವುದಿಲ್ಲ. ಹೊಸಬರು ಎಡವುವುದು ಆವೃತ್ತಿ ಸಂಖ್ಯೆಯಲ್ಲಿ: ಎಂಎಸ್‌ಐ ಮೊದಲ ಮೂರು ಭಾಗಗಳನ್ನಷ್ಟೇ ಹೋಲಿಸುವುದರಿಂದ 2.1.0.4 ಅನ್ನು 2.1.0.5 ಮಾಡಿದರೆ ಅದಕ್ಕೆ ವ್ಯತ್ಯಾಸವೇ ಕಾಣದು.

ಐದಾರು ಕಂಪ್ಯೂಟರ್‌ಗಳಿದ್ದು ವರ್ಷಕ್ಕೊಮ್ಮೆ ನವೀಕರಣವಾದರೆ ರಿಮೋಟ್ ಡೆಸ್ಕ್‌ಟಾಪೇ ಸಾಕು. ಇಪ್ಪತ್ತು ದಾಟಿದರೆ, ಅಥವಾ ಪ್ರತಿ ತಿಂಗಳು ತಿದ್ದುಪಡಿ ಬರುತ್ತಿದ್ದರೆ, ನಾನು ಪ್ಯಾಕೇಜನ್ನೇ ಆರಿಸುತ್ತೇನೆ. ದತ್ತಸಂಚಯವಿರುವ ಸರ್ವರನ್ನು ಮಾತ್ರ ಆಗಲೂ ಬ್ಯಾಕಪ್ ತೆಗೆದು ಕೈಯಾರೆ ನವೀಕರಿಸುತ್ತೇನೆ.